ಪೂವತ್ತೆಯ ಸ್ವರಕ್ಕೆ ನಾನು ಕೊಟ್ಟ ಮಾತು

ಅಂದು ಜಗಲಿಯಲ್ಲಿ ನಾವು ನಾಲ್ವರಿದ್ದೆವು — ನನ್ನ ಸೋದರತ್ತೆ ಪೂವಮ್ಮ, ಅವರ ಸೊಸೆ ಲೀಲಾ, ಮೈಸೂರಿನಿಂದ ಬಂದಿದ್ದ, ಕನ್ನಡ ಅಷ್ಟಾಗಿ ಬಾರದ ಕಂಪೆನಿಯ ಹುಡುಗಿ, ಮತ್ತು ನಾನು. ಸುಳ್ಳು ಹೇಳಿದವನು ನಾನೊಬ್ಬನೇ. ಅತ್ತೆ ಒಂದು ಪ್ರಶ್ನೆ ಕೇಳಿದರು. ಹುಡುಗಿ ಇಂಗ್ಲಿಷಿನಲ್ಲಿ ಉತ್ತರ ಹೇಳಿದಳು. ನಡುವೆ ಕೂತಿದ್ದ ನಾನು ಆ ಉತ್ತರವನ್ನು ಅತ್ತೆಗೆ ತಲುಪಿಸಲಿಲ್ಲ. ಬೇರೆಯೇ ಒಂದನ್ನು ತಲುಪಿಸಿದೆ.

ನಾನು ಮಾದಾಪುರದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಹಾಜರಿ ಹಾಕುವುದು, ಕೆಲಸ ಹಂಚುವುದು ನಮ್ಮ ಕೆಲಸ ಎಂದು ಹೊರಗಿನವರು ತಿಳಿದಿದ್ದಾರೆ. ನಿಜವಾದ ಕೆಲಸ ಬೇರೆ. ಧಣಿಗಳು ಸಿಟ್ಟಿನಲ್ಲಿ ಅಂದದ್ದನ್ನು ನಯ ಮಾಡಿ ಕೂಲಿಯವರ ಲೈನ್‌ಮನೆಗಳಿಗೆ ಮುಟ್ಟಿಸಬೇಕು, ಲೈನ್‌ನವರು ಅಂದದ್ದಕ್ಕೆ ಸ್ವಲ್ಪ ಬೆಲ್ಲ ಸವರಿ ಬಂಗಲೆಗೆ ಮುಟ್ಟಿಸಬೇಕು. ಅಜ್ಜಿಯ ಅರೆಭಾಷೆ, ಪಕ್ಕದ ಮನೆಯ ಹಿರಿಯರಿಂದ ಕಲಿತ ಕೊಡವ ತಕ್ಕ್, ಲೈನ್‌ನ ಮಲಯಾಳ, ತಮಿಳು — ಎಲ್ಲದರಲ್ಲೂ ನಾನು ಇದನ್ನು ಚೆನ್ನಾಗಿ ಮಾಡುತ್ತಿದ್ದೆ. ಜಗಳಗಳು ನಿಲ್ಲುತ್ತಿದ್ದವು, ಕಾಫಿ ಪಿಕ್ಕಿಂಗ್ ನಡೆಯುತ್ತಿತ್ತು. ಇದಕ್ಕೆ ಸುಳ್ಳು ಎಂಬ ಹೆಸರಿದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಫೋನು ನಮ್ಮ ಅರೆಭಾಷೆಯಲ್ಲಿ ಮಾತಾಡುವಂತೆ ಮಾಡುತ್ತೇವೆ, ಅದಕ್ಕೆ ಹಿರಿಯರ ಸ್ವರ ಬೇಕು ಎಂದು ಆ ಕಂಪೆನಿ ಬಂದಾಗ ನಾನು ಹಿಗ್ಗಿಹೋದೆ. ಶಾಲೆಯಲ್ಲಿ ಅರೆಭಾಷೆ ಆಡಿ ಕಿವಿ ಹಿಂಡಿಸಿಕೊಂಡವನು ನಾನು. ಅದೇ ಮಾತು ಯಂತ್ರದ ಬಾಯಲ್ಲಿ ಬರುತ್ತದೆಂದರೆ — ಆ ಆಸೆ ಮಾತ್ರ ಸುಳ್ಳಾಗಿರಲಿಲ್ಲ. ಸ್ವರ ಎಂದ ಕೂಡಲೇ ನೆನಪಾದದ್ದು ಪೂವತ್ತೆ. ನಮ್ಮ ಕಡೆ ಮದುವೆಮನೆಯಲ್ಲಿ ಹಿರಿಯ ಹೆಂಗಸರು ಸೋಬಾನೆ ಹಾಡಿ ಹರಸದೆ ಹೆಣ್ಣನ್ನು ಕಳಿಸುವುದಿಲ್ಲ. ಪೂವತ್ತೆ ಹಾಡಿದ ಮದುವೆ ಎಂದರೆ ಅದಕ್ಕೊಂದು ತೂಕ.

ಹುಡುಗಿ ಪುಟ್ಟ ಮೈಕನ್ನು ಅತ್ತೆಯ ಸೆರಗಿಗೆ ಸಿಕ್ಕಿಸಿದಳು.

"ಇಷ್ಟ್ ಸಣ್ಣದ್ ನನ್ನ ಬಾಯಿ ತಡ್ಕೊಳ್ತದಾ?" ಎಂದರು ಅತ್ತೆ.

"ನಿಮ್ಮ ಬಾಯಿಗೆ ಮಾವನೇ ತಡೀಲಿಲ್ಲೆ, ಇದೆಲ್ಲಿ," ಎಂದಳು ಲೀಲಾ. ಅತ್ತೆ ನಕ್ಕರು. ಅವರ ನಗುವಿನ ಕೊನೆಗೆ ಒಂದು ಸಣ್ಣ ಕೆಮ್ಮು ಬರುತ್ತದೆ, ಅದೂ ಮೈಕಿಗೆ ಹೋಯಿತು.

ಆಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ನಾ ಹೇಳದೆ ಇದ್ದದ್ದ್‌ನ ನನ್ನ ಸ್ವರಲಿ ಹೇಳ್ಸಿದರೆ ಎಂಥ ಮಾಡುದು? ಕೇಳ್ ಮಗ, ಅವಳತ್ರ."

ಕೇಳಿದೆ. ಹುಡುಗಿ ಒಳ್ಳೆಯವಳು, ಮುಚ್ಚಿಡಲಿಲ್ಲ. ಕೆಟ್ಟದ್ದಕ್ಕೆ ಬಳಸಬಾರದೆಂಬ ನಿಯಮ ಕಂಪೆನಿಗೆ ಇದೆ, ಆದರೆ ಬಳಸುವವರನ್ನು ಪೂರ್ತಿ ತಡೆಯಲು ಸಾಧ್ಯವಿಲ್ಲ. ಯಂತ್ರ ಒಮ್ಮೆ ಕಲಿತ ಸ್ವರವನ್ನು ಅದರಿಂದ ವಾಪಸು ತೆಗೆಯುವುದೂ ಸುಲಭವಲ್ಲ — ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಹೇಳಿ, "ಅಂಕಲ್, ಅವರಿಗೆ ಸ್ವಲ್ಪ ಸಿಂಪಲ್ ಆಗಿ ಹೇಳಿಬಿಡಿ," ಎಂದಳು.

ನನಗೆ ಅಷ್ಟೇ ಸಾಕಾಯಿತು. ವರ್ಷಗಟ್ಟಲೆ ಮಾಡಿದ ಕೆಲಸವಲ್ಲವೇ.

"ಹಂಗೆಲ್ಲ ಆಗದ ಹಾಂಗೆ ಅವು ಮಾತ್ ಕೊಟ್ಟೊಳ ಅತ್ತೆ. ನಾ ಒಳೆ," ಎಂದೆ. ಹಾಗಾಗದಂತೆ ಅವರು ಮಾತು ಕೊಟ್ಟಿದ್ದಾರೆ, ನಾನಿದ್ದೇನೆ, ಎಂದೆ.

ನೀನಿದ್ದರೆ ಸರಿ, ಎಂದು ಅತ್ತೆ ಹಾಡಿದರು. ಅವರು ನಂಬಿದ್ದು ಕಂಪೆನಿಯನ್ನಲ್ಲ.

ಮರುವರ್ಷ ನನ್ನ ದೊಡ್ಡಪ್ಪನ ಮಗಳು ಸರಸಕ್ಕನ ಮನೆಯಲ್ಲಿ ಮದುವೆ ಗೊತ್ತಾಯಿತು. ಅವಳ ಮಗಳಿಗೆ ಅತ್ತೆಯೇ ಸೋಬಾನೆ ಹಾಡಬೇಕೆಂದು ವೀಳ್ಯ ಕೊಟ್ಟೂ ಆಗಿತ್ತು. ಅಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗುಂಪಿಗೆ ಎಲ್ಲಿಂದಲೋ ಒಂದು ಧ್ವನಿ ಬಂದು ಬಿತ್ತು. ಅತ್ತೆಯ ಸ್ವರ. "ಸರಸೂನ ಮಗಳ ಮದುವೆಗೆ ಬಾಳಿಕೆ ಇಲ್ಲೆ" — ಹಾಗೆಂದು ನಗು, ನಗುವಿನ ಕೊನೆಗೆ ಆ ಸಣ್ಣ ಕೆಮ್ಮು.

ಆ ಕೆಮ್ಮೇ ಎಲ್ಲರನ್ನೂ ನಂಬಿಸಿತು.

ಸರಸಕ್ಕ ಬೈಯಲಿಲ್ಲ. "ಅತ್ತೆಗೆ ಹುಷಾರಿಲ್ಲದಿದ್ದರೆ ಮನೇಲೇ ಇರಲಿ," ಎಂದು ಹೇಳಿ ಕಳಿಸಿದಳು. ಹಾಡಲು ಬೇರೆಯವರನ್ನು ಕರೆದರು. ನಾನು ಅತ್ತೆಯ ಮನೆಗೆ ಹೋದಾಗ ಅವರು ಒಲೆಯ ಮುಂದೆ ಕೂತಿದ್ದರು.

"ನಾ ಹಂಗೆ ಹೇಳಿದೆನಾ ಮಗ? ನಂಗೆ ನೆಂಪಿಲ್ಲೆ. ಪ್ರಾಯ ಆತಲ್ಲ — ಬಾಯಿ ತಪ್ಪಿ ಬಂದ್‌ರೂ ಬಂದಿರ್ಬೋದು."

ತಾನು ಹೇಳಿಲ್ಲ ಎಂದು ಜಗಳವಾಡಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ. ಅವರು ತಮ್ಮನ್ನೇ ಅನುಮಾನಿಸತೊಡಗಿದ್ದರು. ಮನೆದೇವರ ಮುಂದೆ ತಪ್ಪುಕಾಣಿಕೆ ಇಟ್ಟಿದ್ದರು — ಆಡದ ಮಾತಿಗೆ.

ನಾನು ಮನೆಗೆ ಬಂದು ಆ ಕಂಪೆನಿಯ ಆ್ಯಪ್ ಹಾಕಿಕೊಂಡೆ. ಅರೆಭಾಷೆ ಆರಿಸಿದೆ. 'ಊಟ ಆತಾ ಮಗ' ಎಂದು ಟೈಪು ಮಾಡಿದೆ. ಫೋನು ಅತ್ತೆಯಾಗಿ ನನ್ನ ಊಟ ವಿಚಾರಿಸಿತು. ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದಿತ್ತು, ಯಾರೋ ಬರೆದಿದ್ದರು. ಕಂಪೆನಿಗೆ ದೂರು ಕಳಿಸಿದೆ. 'ಬಳಕೆದಾರರ ಸುರಕ್ಷತೆಗೆ ನಮ್ಮ ಮೊದಲ ಆದ್ಯತೆ' ಎಂದು ಉತ್ತರ ಬಂತು. ಸ್ವರ ಹಾಗೆಯೇ ಉಳಿಯಿತು.

ಆ ಉತ್ತರವನ್ನು ಓದಿ ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಪರಿಚಯದ ಭಾವ. ಈ ದನಿ ನನಗೆ ಗೊತ್ತು. ಬಂಗಲೆಯ ಮೆಟ್ಟಿಲಿಳಿದು ಲೈನ್ ಕಡೆ ನಡೆಯುತ್ತಾ ನಾನೇ ಬಾಯಲ್ಲಿ ಹೊರಳಿಸುತ್ತಿದ್ದ ಮಾತು ಇದು. ಅಂದಿನಿಂದ, ನಮ್ಮ ಯಂತ್ರ ಯಾರಿಗೂ ಕೇಡು ಮಾಡದು, ನೀತಿ ಬಿಟ್ಟು ನಾವು ನಡೆಯೆವು ಎಂದು ಇಂಥ ಯಾವ ಕಂಪೆನಿ ಪತ್ರಿಕೆಯಲ್ಲಿ ಹೇಳಿದರೂ ನಾನು ಮಾತನ್ನು ಬಿಟ್ಟು ಅದರ ಹಿಂದೆ ನಿಂತ ರೈಟರನ್ನು ಹುಡುಕುತ್ತೇನೆ. ಒಳಗೆ ಅವನಿಗೆ ಏನು ಹೇಳಿ ಕಳಿಸಿದ್ದರು? ದಾರಿಯಲ್ಲಿ ಅವನು ಯಾವುದನ್ನು ಬಿಟ್ಟ? ಅವರಲ್ಲೂ ಪ್ರಾಮಾಣಿಕರು ಇರಬಹುದು — ಆ ಹುಡುಗಿ ಇದ್ದಳಲ್ಲ. ಅವಳ ಪ್ರಾಮಾಣಿಕತೆ ಜಗಲಿಯ ತನಕ ಬಂದಿತ್ತು. ಅದನ್ನು ಒಳಗೆ ಬಿಡದವನು ನಾನು.

ಇಷ್ಟು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಯಂತ್ರದ ಸ್ವರ ಅದು ಎಂದರೆ, ಯಂತ್ರಕ್ಕೆ ಕೊಟ್ಟವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಮದುವೆ ಕಳೆಯಿತು. ಅತ್ತೆ ಹೋಗಲಿಲ್ಲ, ನಾನು ಹೋಗಿ ಊಟ ಮಾಡಿ ಬಂದೆ. ಅಲ್ಲಿ ಯಾರೋ, ಪೂವಮ್ಮನಿಗೆ ಅರಳುಮರಳು ಎಂದರು. ನಾನು ಪಾಯಸ ಬಡಿಸಿಕೊಂಡೆ.

ಕಾಫಿ ಹೂ ಬಿಡುವ ಹೊತ್ತಿಗೆ ತಡೆಯಲಾಗಲಿಲ್ಲ. ಸರಸಕ್ಕನನ್ನು ಕರೆದುಕೊಂಡೇ ಅತ್ತೆಯ ಮನೆಗೆ ಹೋದೆ. ಫೋನು ನೆಲದ ಮೇಲಿಟ್ಟು ಅತ್ತೆಯ ಸ್ವರದಲ್ಲಿ ನನ್ನನ್ನೇ ಬೈಯಿಸಿದೆ. ಬಳಿಕ, ಅಂದು ಹುಡುಗಿ ಹೇಳಿದ್ದೇನು, ನಾನು ದಾಟಿಸಿದ್ದೇನು ಎಂದು ಹೇಳಿದೆ. ಸರಸಕ್ಕ ಅತ್ತೆಯ ಕಾಲು ಹಿಡಿದು ಅತ್ತಳು. ಅತ್ತೆ ಅವಳನ್ನು ಎಬ್ಬಿಸಿದರು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಅವಳ್ ಹೇಳಿದ್ದ್‌ನ ಅಂದೇ ನಂಗೆ ಹೇಳಿದ್ದರೆ, ನಿಂಗೆ ಎಂಥ ಹೋಗ್ತಿತ್ತ್ ಮಗ?"

ನಾನು ನೆಲದ ಮೇಲಿದ್ದ ಫೋನನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

ಕಳೆದ ತಿಂಗಳು ಲೀಲಾಳ ಮಗಳ ಮದುವೆಯಾಯಿತು. ಹಾಡಲು ಅತ್ತೆ ಒಪ್ಪಿದರು. ಬಂದವರ ಫೋನುಗಳನ್ನೆಲ್ಲ ಬಾಗಿಲಲ್ಲೇ ಒಂದು ಬುಟ್ಟಿಗೆ ಹಾಕಿಸಿದರು. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಕಾಫಿ ಒಣಗಿಸುವ ಕಣದ ಆಚೆ ತುದಿಗೆ ಬೆರಳು ತೋರಿಸಿದರು. ನಾನು ಅಲ್ಲಿಗೆ ಹೋಗಿ ಕೂತೆ. ಅಷ್ಟು ದೂರಕ್ಕೆ ಹಾಡು ಕೇಳಿಸುವುದಿಲ್ಲ.