ಒಣಗಡ್ಡೆ

ಲೇನಾ ನದಿ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆ ಲಾರಿ ಬಿಡಬಹುದೋ ಬಾರದೋ ಎಂದು ಹೇಳಬೇಕಾದ ಎಂಜಿನಿಯರ್ ವರ್ವಾರಾ ಎಗೊರೊವ್ನಾ. ಹರೆಯದಲ್ಲಿ ಲೆನಿನ್‌ಗ್ರಾದಿನಲ್ಲಿ ಫಿಗರ್ ಸ್ಕೇಟಿಂಗ್ ಚಾಂಪಿಯನ್ ಆಗಿದ್ದವಳು. ಮೊಣಕಾಲು ಕೈಕೊಟ್ಟಾಗ ಅಲ್ಲೇ ಎಂಜಿನಿಯರಿಂಗ್ ಓದಿ, ಲೇನಾ ಹರಿಯುವ ಯಾಕೂತಿಯಾಕ್ಕೆ, ತನ್ನವರ ನಡುವೆ ಮರಳಿದಳು. ಅವಳು ಗುರುತು ಹಾಕಿದ ದಾರಿಯಲ್ಲಿ ಒಂದು ಲಾರಿಯೂ ಮುಳುಗಿರಲಿಲ್ಲ. ಆದರೂ ಊರವರ ಬಾಯಲ್ಲಿ ಅವಳು ಕುಣಿಯೋ ಎಂಜಿನಿಯರಮ್ಮನಾಗಿಯೇ ಉಳಿದಳು.

ಆ ಚಳಿಗಾಲ ಆಚೆ ದಡದ ಆಸ್ಪತ್ರೆಯ ಬಾಯ್ಲರಿಗೆ ಕಲ್ಲಿದ್ದಲು ಮುಗಿಯುತ್ತ ಬಂದಿತ್ತು. ಕೊರೆದು ನೋಡಿದರೆ ಮಂಜುಗಡ್ಡೆ ಒಂದು ಮೀಟರ್ ದಪ್ಪ. ವರ್ವಾರಾ ನಡುನದಿಯಲ್ಲಿ ಹಿಮ್ಮಡಿ ಕುಟ್ಟಿ ಆಲಿಸಿದಳು. ಖಾಲಿ ಪೀಪಾಯಿಯ ಸದ್ದು.

"ಒಣಗಡ್ಡೆ," ಎಂದಳು. ಹೆಪ್ಪುಗಟ್ಟಿದ ಮೇಲೆ ಅಡಿಯ ನೀರು ಇಳಿದುಹೋಗಿ, ಗಡ್ಡೆ ಅಂತರದಲ್ಲಿ ನಿಂತಿತ್ತು. ಕೆಳಗೆ ನೀರಿನ ಆಸರೆಯಿಲ್ಲದ ಗಡ್ಡೆ ಎಷ್ಟು ದಪ್ಪವಿದ್ದರೇನು?

ರಸ್ತೆ ಕಚೇರಿಯ ಮುಖ್ಯಸ್ಥ ಗೆನ್ನಾದಿ ಲ್ವೋವಿಚ್ ನಕ್ಕ. "ಮೀಟರ್ ದಪ್ಪ ಇದೆಯಲ್ರೀ. ಕುಟ್ಟಿ ಕುಣಿಯೋಕೆ ಇಲ್ಲೇನು ತೀರ್ಪುಗಾರರು ಕೂತಿದಾರಾ?"

"ಇದಾರಲ್ಲ, ಕೆಳಗೆ. ಮೀನುಗಳು. ಒಂದು ಹೆಜ್ಜೆ ತಪ್ಪಿದ್ರೂ ಬಿಡೋಲ್ಲ."

"ಅಲ್ಲಿ ರೋಗಿಗಳು ಸೆಟೆದುಹೋಗ್ತಾರೆ. ಮಧ್ಯಾಹ್ನದ ತನಕ ನೋಡ್ತೀನಿ."

ಪೊಳ್ಳನ್ನು ಬಳಸಿಹೋಗುವ ದಾರಿ ಹುಡುಕಿ, ಗುರುತಿಗೆ ಮರದ ರೆಂಬೆ ನೆಡುತ್ತ ಅವಳು ಒಬ್ಬಳೇ ಹೊರಟಳು. ಕಲ್ಲಿದ್ದಲು ಲಾರಿಯ ಚಾಲಕ ಪ್ರೊಕೋಪಿ ದಡದಿಂದ ಕೂಗಿದ: "ತಂಗೀ, ಬೇಗ ಮುಗಿಸು. ಹೊಸ ದಾರೀಲಿ ನಿನ್ನನ್ನೂ ಕೂರಿಸ್ಕೊಂಡು ಹೋಗ್ತೀನಿ."

"ನಿನ್ನ ಲಾರಿಗಿಂತ ನನ್ನ ಕುಂಟುಕಾಲೇ ವಾಸಿ, ಅಣ್ಣ."

ಮಧ್ಯಾಹ್ನವಾಗುವ ಮೊದಲೇ ಆಸ್ಪತ್ರೆಯಿಂದ ಮತ್ತೆ ಫೋನ್ ಬಂತು. ಮುಖ್ಯಸ್ಥ ಇನ್ನು ಕಾಯಲಿಲ್ಲ, ಹಳೆಯ ನೇರ ದಾರಿಯಲ್ಲೇ ಪ್ರೊಕೋಪಿಯನ್ನು ಕಳಿಸಿದ.

ವರ್ವಾರಾ ತಿರುಗಿ ನೋಡುವಷ್ಟರಲ್ಲಿ ಲಾರಿ ಪೊಳ್ಳಿನ ಮೇಲೆಯೇ ಇತ್ತು. ನಿಲ್ಲದೆ ಒಂದೇ ಸಮ ಹೋದರೆ ಒಣಗಡ್ಡೆಯೂ ಒಮ್ಮೊಮ್ಮೆ ತಾಳುತ್ತದೆ, ನಿಂತರೆ ತಾಳದು. ಅವಳು ದಾರಿಯತ್ತ ಓಡಿ, ಹೋಗು, ಹೋಗು ಎಂದು ಎರಡೂ ಕೈ ಬೀಸಿದಳು. ಎಂಜಿನ್ನಿನ ಸದ್ದಿನಲ್ಲಿ ಕೂಗು ಕೇಳಿಸಲಿಲ್ಲ. ಪ್ರೊಕೋಪಿಗೆ ಕಂಡದ್ದು ಚಳಿಯಲ್ಲಿ ಕೈಬೀಸಿ ಕರೆಯುತ್ತಿರುವ ತಂಗಿ. ಅವಳ ಪಕ್ಕಕ್ಕೇ ತಂದು ಲಾರಿ ನಿಲ್ಲಿಸಿದ.

ಗಡ್ಡೆ ಬಾಗಿಲಿನಂತೆ ಮಗುಚಿತು. ನದಿ ದಾಟುವಾಗ ಎಲ್ಲರೂ ಮಾಡುವಂತೆ ಅವನು ಲಾರಿಯ ಬಾಗಿಲು ತೆರೆದಿಟ್ಟಿದ್ದ. ಹೊರಗೆ ಹಾರಿ ಬದುಕಿದ. ಅವಳು ನಿಂತಿದ್ದ ಕಡೆ ನೀರು ಮಾತ್ರ ಇತ್ತು.

"ನದಿ ಮೇಲೆ ನಿಲ್ಲಿಸಬಾರದು ಅಂತ ಗೊತ್ತಿರಲಿಲ್ವೇನೋ?" ಕಚೇರಿಯಲ್ಲಿ ಗೆನ್ನಾದಿ ಲ್ವೋವಿಚ್ ಕೇಳಿದ.

"ಗೊತ್ತಿತ್ತು ಸಾರ್. ಮೈನಸ್ ಐವತ್ತು ಡಿಗ್ರಿ ಚಳೀಲಿ ನಡ್ಕೊಂಡು ಹೋಗ್ತಿರೋರನ್ನ ಬಿಟ್ಟು ಹೋಗಬಾರದು ಅಂತಾನೂ ಗೊತ್ತಿತ್ತು. ನೀವಾಗಿದ್ರೆ ಹೋಗ್ತಿದ್ರಾ?"

ಕೋಣೆಯ ತುಂಬ ಚಾಲಕರಿದ್ದರು. ಆಮೇಲೆ ಮುಖ್ಯಸ್ಥ, ಉಳಿದ ದಾರಿಯನ್ನು ಯಾರು ಹುಡುಕುತ್ತಾರೆ ಎಂದು ಕೇಳಿದ. ಯಾರೂ ಏಳಲಿಲ್ಲ.