ಅಜ್ಜನ ದನಿ, ಅಪ್ಪನ ಗುಳಿಗೆ

ಮೊದಲೇ ಹೇಳಿಬಿಡುತ್ತೇನೆ: ಅಪ್ಪನ ಕೊಲೆಸ್ಟ್ರಾಲ್ ಗುಳಿಗೆ ಬಿಡಿಸಿದವನು ನಾನು. ಅದೂ ಸತ್ತುಹೋದ ಅಜ್ಜನ ದನಿಯಲ್ಲಿ.

ದನಿ ಕದಿಯುವುದು ನನ್ನ ಚಟ. ಶಿಗ್ಗಾಂವ ಬಸ್ಸಿನ ಕಂಡಕ್ಟರ್, ತಿಳವಳ್ಳಿಯ ಬೀಗರು, ಸಿಟ್ಟಿಗೆದ್ದ ಹೆಂಡತಿ, ಗೊರಕೆ ಹೊಡೆಯುವ ನಾನು, ಯಾರನ್ನೂ ಬಿಟ್ಟವನಲ್ಲ. ಆದರೆ ಅಜ್ಜನನ್ನು ನಾನು ಕಂಡೇ ಇಲ್ಲ. ನಾನು ಹುಟ್ಟುವ ಮೊದಲೇ, ಇನ್ನೂ ಐವತ್ತು ತುಂಬದವನು, ಹಿರೇಬೆಂಡಿಗೇರಿಯ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲವಂತೆ. ಅವನ ಕೆಮ್ಮನ್ನೂ ಎಳೆದಾಡುವ ಮಾತನ್ನೂ ಸೋದರತ್ತೆ ಮಾಡಿ ತೋರಿಸಿದ್ದಳು. ನಾನು ಒಂದು ಸಲ ಮಾಡಿದ್ದೇ ತಡ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬ್ಯಾಡೋ, ಖರೇನ ಅವನ ಬಂದಂಗಾತು."

ಅಜ್ಜನ ಹೆಸರು ಮೊಮ್ಮಗನಿಗೆ ಎಂಬುದು ನಮ್ಮ ಮನೆಯ ಪದ್ಧತಿ. ಸತ್ತವರು ಒಂದು ತಲೆಮಾರು ಬಿಟ್ಟು ಮತ್ತೆ ಊಟಕ್ಕೆ ಬಂದು ಕೂರುತ್ತಾರೆ. ಮಾವನ ಹೆಸರೆಂದು ಅವ್ವ ನನ್ನನ್ನು ಹೆಸರು ಹಿಡಿದು ಕರೆದವಳಲ್ಲ. ಅಪ್ಪನಂತೂ ಹುಟ್ಟಿದಾಗಿನಿಂದ ನನ್ನನ್ನು "ಯಪ್ಪಾ" ಎಂದೇ ಕರೆಯುವುದು.

ಮದುವೆಯಾಗಿ ನಾಲ್ಕು ವರ್ಷವಾದರೂ ಅಪ್ಪನ ಹೆಸರಿಡಲು ಕೂಸು ಬರಲಿಲ್ಲ. ವೀರ್ಯದ ಪರೀಕ್ಷೆಗೆ ಹೋದೆ. ಲ್ಯಾಬಿನವನು ಕನಿಕರಕ್ಕೋ ಚೇಷ್ಟೆಗೋ, "ನೋಡ್ತೀರೇನ್ರಿ?" ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಬೆಳ್ಳನೆಯ ಬಯಲು. ಅಲ್ಲೊಂದು ಇಲ್ಲೊಂದು ಬಾಲ ಅಲ್ಲಾಡಿ ನಿಂತಿತು. ಉಳಿದವು ಸುಮ್ಮನೆ ನನ್ನನ್ನೇ ನೋಡುತ್ತಿದ್ದಂತಿತ್ತು. ಡಾಕ್ಟರು ಆಂಟಿಆಕ್ಸಿಡೆಂಟ್ ಗುಳಿಗೆ ಬರೆದುಕೊಟ್ಟು, "ನುಂಗ್ರಿ, ಆದ್ರ ಪವಾಡ ಕೇಳಬ್ಯಾಡ್ರಿ" ಎಂದರು.

ಪವಾಡ ಆಗಲಿಲ್ಲ, ನಾನು ಮೊಬೈಲು ಹಿಡಿದೆ. ಅದರಲ್ಲೊಬ್ಬ ಇಲಿಗಳ ಮೇಲೆ ಮಾಡಿದ ಪ್ರಯೋಗದ ಮಾತು ಹೇಳುತ್ತಿದ್ದ: ಕೊಲೆಸ್ಟ್ರಾಲ್ ಗುಳಿಗೆ ತಿಂದ ತಂದೆ, ಬೀಜ ಕೆಟ್ಟ ಮಕ್ಕಳು. ಅಪ್ಪ ನಾನು ಹುಟ್ಟುವ ಮೊದಲಿನಿಂದಲೂ ಆ ಗುಳಿಗೆ ನುಂಗುತ್ತಿದ್ದಾನೆ. ಸಿಟ್ಟು ಬಂತು. ಸಿಟ್ಟನ್ನು ಸಿಟ್ಟಾಗಿ ಹೇಳುವ ಗಂಡಸುತನ ನನಗೆಲ್ಲಿಯದು? ಮಧ್ಯಾಹ್ನ ಉಂಡು ಅಪ್ಪ ಗುಳಿಗೆ ಕೈಗೆ ತೆಗೆದುಕೊಂಡಾಗ, ಒಳಮನೆಯ ಬಾಗಿಲ ಹಿಂದೆ ನಿಂತು ಕೆಮ್ಮಿದೆ.

"ಮಗನ... ನುಂಗಬ್ಯಾಡಲೇ ಅದನ್ನ. ನನ್ನ ವಂಶ ಒಣಗಾಕತ್ತೈತಿ."

ಬೈಗುಳ ಬರುತ್ತದೆ, ನಕ್ಕು ಹೊರಬಂದರಾಯಿತು ಎಂದುಕೊಂಡಿದ್ದೆ. ಬಾಗಿಲ ಸಂದಿಯಿಂದ ಇಣುಕಿದೆ. ಅಪ್ಪ ಗುಳಿಗೆ ಕೆಳಗಿಟ್ಟು, ಬಾಗಿಲ ಕಡೆ ನೋಡದೆ, "ಹೂಂ" ಎಂದ. ನನಗೆ ನಗು ಬರಲಿಲ್ಲ. ಹೊರಗೆ ಬರುವ ಧೈರ್ಯವೂ ಆಗಲಿಲ್ಲ.

ಎರಡು ತಿಂಗಳ ಮೇಲೆ ಒಂದು ಮುಂಜಾನೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ಒಳಮನೆಯಿಂದ ಅಜ್ಜನ ಕೆಮ್ಮು ಕೇಳಿತು. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ನರಳಾಟ. ನನ್ನ ಬಾಯಿ ತುಂಬ ನೊರೆಯಿತ್ತು. ಈ ಸಲ ಕೆಮ್ಮಿದವನು ನಾನಲ್ಲ. ಓಡಿ ಹೋದರೆ, ನಾನು ನಿಂತಿದ್ದ ಜಾಗದಲ್ಲೇ, ಬಾಗಿಲಿಗೆ ಆತುಕೊಂಡು, ಅಪ್ಪ ಎದೆ ಹಿಡಿದುಕೊಂಡು ಕುಳಿತಿದ್ದ.

ಶಿಗ್ಗಾಂವದ ದವಾಖಾನೆಯಲ್ಲಿ ಜೀವ ಉಳಿಯಿತು. "ಗುಳಿಗಿ ಯಾಕ ಬಿಟ್ರಿ?" ಎಂದು ಡಾಕ್ಟರು ಕೇಳಿದರೆ ಅಪ್ಪ ಛಾವಣಿ ನೋಡಿದ. ನಾನು ಡಾಕ್ಟರನ್ನು ಹೊರಗೆ ಕರೆದು ಇಲಿಗಳ ಕತೆ ಒದರಿದೆ.

"ಇಲಿ ಮಾತು ಇಲಿಗ್ರಿ. ಮನಷ್ಯಾರಾಗ ಮಗನ ತನಕ ಹಂಗ ಆಗತೈತಿ ಅಂತ ಯಾರಿಗೂ ಖಾತ್ರಿ ಇಲ್ಲ. ಎದಿ ನಿಂತ್ರ ಏನ ಆಗತೈತಿ ಅನ್ನೋದು ಮಾತ್ರ ಖಾತ್ರಿ ಐತಿ."

ಮನೆಗೆ ಬಂದ ಮೇಲೆ, ಅವ್ವ ಅಜ್ಜನ ಫೋಟೋ ಒರೆಸುವಾಗ ಹಿಂದಿನಿಂದ ಎರಡು ತಿಂಗಳ ಗುಳಿಗೆ ಪಟ್ಟಿಗಳು ಉದುರಿದವು. ಒಂದೂ ಒಡೆದಿರಲಿಲ್ಲ. ಅವನ್ನು ಕೈಯಲ್ಲಿ ಹಿಡಿದು ಅಪ್ಪನ ಹಾಸಿಗೆಯ ಬಳಿ ಕುಳಿತೆ. ಯಾರ ದನಿಯೂ ನೆರವಿಗೆ ಬರಲಿಲ್ಲ.

"ಅಪ್ಪಾ, ಅವತ್ತ ಮಾತಾಡಿದಾಂವ ಅಜ್ಜ ಅಲ್ಲ. ನಾನು."

ಅಪ್ಪ ನನ್ನ ಕೈಯಿಂದ ಒಂದು ಗುಳಿಗೆ ತೆಗೆದುಕೊಂಡು ನುಂಗಿ ನೀರು ಕುಡಿದ.

"ನನಗೂ ನಮ್ಮಜ್ಜನ ಹೆಸರಿಟ್ಟಾರಲೇ. ನಮ್ಮಪ್ಪ ಸಾಯೋತನಕ ನನ್ನ 'ಯಪ್ಪಾ' ಅಂದನ ಹೊರತು ಒಂದ್ ದಿನಾನೂ 'ಮಗನ' ಅಂದಿಲ್ಲ. ಸತ್ತಾಂವ ಹೇಳ್ಯಾನಂತ ಗುಳಿಗಿ ಬಿಟ್ಟಿಲ್ಲ ನಾ, ಇದ್ದಾಂವ ಕೇಳ್ಯಾನಂತ ಬಿಟ್ಟೆ."