ಮುರ್ತುಜಾ ಎಳೆದ ವಾಯರ್

ಲಕ್ಷ್ಮೇಶ್ವರದ ಮುರ್ತುಜಾ ಮಿಸ್ತ್ರಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿದ್ದವು, ಆಮೇಲೆ ಬಾಯಿ ಬಿಚ್ಚುತ್ತಿತ್ತು. ಆ ಜನವರಿಯಲ್ಲಿ ಹದಿನೈದು ದಿನ ಅವನ ಕಿವಿ ಕೆಂಪಗೇ ಇದ್ದವು. “ಮಂದಿ ಮ್ಯಾಲಿನ ಸಿಟ್ಟು ರೊಟ್ಟಿ ಮ್ಯಾಲ ಯಾಕ ತಗೀತೀರಿ? ಸಾವಕಾಶ ಮುರೀರಿ,” ಎಂದು ಹೆಂಡತಿ ಅಲ್ಮಾಸಬಿ ದಿನಾ ಗದರುತ್ತಿದ್ದಳು.

ಸಿಟ್ಟು ಬರದೆ ಏನಾದೀತು? ಹದಿನಾರನೆಯ ವಯಸ್ಸಿಗೆ ಶಿರಹಟ್ಟಿಯ ರಹಮಾನಸಾಬರ ಕೈಕೆಳಗೆ ಪಂಪ್‌ಸೆಟ್ ಮೋಟಾರು ಸುತ್ತಲು ಕಲಿತವನು ಅವನು. ಗದಗ ಜಿಲ್ಲೆಯಾಯಿತು, ಕಚೇರಿಗಳು ಬಂದವು, ಬ್ಯಾಂಕುಗಳು ಬಂದವು, ಅವುಗಳ ಬೆನ್ನಿಗೆ ಎ.ಸಿ. ಬಂತು. ಅದನ್ನೂ ಕಲಿತ. ಐವತ್ತು ದಾಟಿದ ಮೇಲೆ ಹುಬ್ಬಳ್ಳಿಗೆ ಹೋಗಿ, ಮಗಳು ಮಹೆಕಳ ವಯಸ್ಸಿನ ಎಂಜಿನಿಯರ್ ಹುಡುಗಿಯ ಮುಂದೆ ಕೂತು, ಮಾಳಿಗೆಯ ಮೇಲಿನ ದೊಡ್ಡ ಎ.ಸಿ.ಗಳಿಗೆ ಗಾಳಿ ಸೆನ್ಸರ್ ಕೂಡಿಸುವುದನ್ನು ಕಲಿತು ಬಂದ. ಹೊರಗಿನ ಗಾಳಿ ತಣ್ಣಗಿದ್ದು ಒಣಗಿದ್ದರೆ ಸೆನ್ಸರ್ ಆ ಸುದ್ದಿ ಮುಟ್ಟಿಸಬೇಕು. ಆಗ ಎ.ಸಿ.ಯ ತಗಡಿನ ಬಾಗಿಲು ತೆರೆದು ಹೊರಗಿನ ಗಾಳಿಯೇ ಒಳಗೆ ಬರುತ್ತದೆ, ಕರೆಂಟು ತಿನ್ನುವ ಕಂಪ್ರೆಸರ್ ಸುಮ್ಮನಿರುತ್ತದೆ. ಗಾಳಿ ಹಸಿ ಎಂದು ಸೆನ್ಸರ್ ಹೇಳಿತೋ, ಬಾಗಿಲು ಬಂದ್. ಸೆನ್ಸರಿನ ತೆಳು ವಾಯರನ್ನು ಮೋಟಾರಿನ ದಪ್ಪ ವಾಯರಿನ ಪಕ್ಕ ಎಳೆಯಬಾರದು, ಅಂಕಿ ಹೊಯ್ದಾಡುತ್ತದೆ. ಮುರ್ತುಜಾ ಅದಕ್ಕೆಂದೇ ಬೇರೆ ಪೈಪು ಹಾಕುತ್ತಿದ್ದ. ಡಬ್ಬಿಗೆ ಬಿಸಿಲು ತಾಗಬಾರದೆಂದು ನೆರಳು ಹುಡುಕಿ ಕೂಡಿಸುತ್ತಿದ್ದ. ತನ್ನ ವಾಯರಿನಲ್ಲಿ ಒಂದು ಜೋಡಣೆ ಸಡಿಲಿದ್ದರೆ ತೋರಿಸಿ ಎಂದು ಎದೆ ತಟ್ಟಿ ಹೇಳುತ್ತಿದ್ದ.

ಅಂಥವನ ಹೆಸರಿಗೆ ಬೆಟಗೇರಿಯ ಜಯತೀರ್ಥ ರಾಯರು ಮಸಿ ಬಳಿದಿದ್ದರು. ರಾಯರದು ಮುದ್ರಣಾಲಯ. ಹಸಿ ತಾಗಿದರೆ ಕಾಗದ ಮುದುಡುತ್ತದೆಂದು ಮಷಿನ್ ಹಾಲಿಗೆ ಕಿಟಕಿಯೇ ಇಲ್ಲ, ಎಲ್ಲಕ್ಕೂ ಮಾಳಿಗೆಯ ಎ.ಸಿ.ಯೇ ಗತಿ. ಮುರ್ತುಜಾ ಸೆನ್ಸರ್ ಕೂಡಿಸಿ ಹೋದ ಮರುದಿನದಿಂದಲೇ ತಕರಾರು ಶುರುವಾಯಿತು. ಚಳಿಗಾಲದ ಬೆಳಗು, ಹೊರಗೆ ಗಾಳಿ ಒಣ ಒಣ. ಸೆನ್ಸರ್ ಮಾತ್ರ ಜಿಟಿಜಿಟಿ ಮಳೆಗಾಲದ ಅಂಕಿ ತೋರಿಸುತ್ತಿತ್ತು. ಬಾಗಿಲು ತೆರೆಯುತ್ತಿರಲಿಲ್ಲ. ಶಾಯಿಯ ವಾಸನೆ ಒಳಗೇ ಸುತ್ತಿ ಮಷಿನ್ ನಡೆಸುವ ಪುಂಡಲೀಕಪ್ಪನ ತಲೆ ಸಿಡಿಯುತ್ತಿತ್ತು. ರಾಯರು ಫೋನ್ ಹಚ್ಚಿ ಕೂಗಾಡಿದರು. ಮುರ್ತುಜಾ ಬಸ್ಸು ಹಿಡಿದು ಬಂದು ಮುಟ್ಟುವಷ್ಟರಲ್ಲಿ ಹನ್ನೊಂದು ಗಂಟೆ. ನೋಡಿದರೆ ಅಂಕಿ ಸರಿ, ಬಾಗಿಲು ತೆರೆದೇ ಇದೆ! ಒಮ್ಮೆ ವಾಯರೆಲ್ಲ ಬಿಚ್ಚಿ ಕಟ್ಟಿದ. ಮತ್ತೊಮ್ಮೆ ಸೆನ್ಸರನ್ನೇ ಬದಲಿಸಿದ. ಮೂರನೆಯ ಸಲ ಬಂದಾಗ ರಾಯರು ಕೆಲಸಗಾರರ ನಡುವೆ ನಿಂತು, “ಮಿಸ್ತ್ರಿ ಕೈ ಹೋಗೇದ. ಪಂಪ್‌ಸೆಟ್ ಸುತ್ತೋರು ಪಂಪ್‌ಸೆಟ್ ಸುತ್ತಬೇಕು,” ಎಂದು ಗಂಟಲು ಹರಿಯುವ ಹಾಗೆ ಅಂದರು. ಮುರ್ತುಜಾ ಚೀಲ ಹೆಗಲಿಗೇರಿಸಿ ಹೊರಗೆ ನಡೆದ.

ಆ ಮಾತು ಮುಂಡರಗಿಗೂ ಹೋಯಿತು. ಅಲ್ಲಿ ಹೊಸದಾಗಿ ಏಳುತ್ತಿದ್ದ ಮೂರಂತಸ್ತಿನ ಅರಿವೆ ಅಂಗಡಿಯ ಎ.ಸಿ. ಕೆಲಸ ಇವನಿಗೇ ಎಂದು ಮಾತಾಗಿತ್ತು. ಆರು ತಿಂಗಳ ಕೆಲಸ, ಅವನು ಹಿಡಿದವುಗಳಲ್ಲೇ ದೊಡ್ಡದು. ಈಗ ಅಂಗಡಿಯ ಮಾಲಕ ಅಯ್ಯೂಬಸಾಬ ಫೋನ್ ಮಾಡಿ, “ಮಂಗಳವಾರದೊಳಗ ರಾಯರ ಕಡೆಯಿಂದ ಸರಿ ಐತಿ ಅನ್ನಿಸು ಮಾರಾಯಾ. ಇಲ್ಲಾಂದ್ರ ಹುಬ್ಬಳ್ಳಿಯವರಿಗೆ ಕೊಟ್ಟುಬಿಡ್ತೀನಿ,” ಅಂದ.

ಮಂಗಳವಾರ ಮುರ್ತುಜಾ ನಸುಕಿನ ಮೊದಲ ಬಸ್ಸಿಗೇ ಹೊರಟ. ದಾರಿಯುದ್ದಕ್ಕೂ ರಾಯರನ್ನು ಬಯ್ದ, ಸೆನ್ಸರನ್ನು ಬಯ್ದ, ಹನ್ನೊಂದಕ್ಕೇ ಬಂದು ಹೋಗುತ್ತಿದ್ದ ತನ್ನ ಬುದ್ಧಿಯನ್ನೂ ಬಯ್ದುಕೊಂಡ. ಏಳಕ್ಕೆ ಮುದ್ರಣಾಲಯದ ಮಾಳಿಗೆ ಹತ್ತಿದ. ಹತ್ತಿದವನು ಅಲ್ಲೇ ಕಂಬದಂತೆ ನಿಂತ.

ಮೆಟ್ಟಿಲ ಕೋಣೆಯ ನೆರಳಿನಲ್ಲಿ, ಅವನ ಸೆನ್ಸರ್ ಡಬ್ಬಿಯ ನೇರ ಮೇಲೆ, ಬಿದಿರಿನ ಗಳಕ್ಕೆ ಹದಿನೆಂಟು ಮೊಳದ ಹಸಿ ಸೀರೆ ತೂಗುತ್ತಿತ್ತು. ಗಾಳಿಗೆ ಸೆರಗು ಬಡಿದು ಬಂದು ಡಬ್ಬಿಗೆ ಸುತ್ತಿಕೊಂಡಿತ್ತು. ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಅಯ್ಯ ಇದರ!” ಎಂದು ಕೈ ಚಾಚಿದ.

“ಮುಟ್ಟಬ್ಯಾಡಪಾ! ಮಡಿ ಅದ!” ಪಕ್ಕದ ಮನೆಯ ಬಾಗಿಲಿನಿಂದ ದನಿ ಬಂತು. ರಾಯರ ತಾಯಿ ತಾರಾಬಾಯಿ, ಎಂಬತ್ತರ ಹತ್ತಿರದವರು, ಕೈಯಲ್ಲಿ ಉದ್ದ ಕೋಲು. ರಾಯರ ಮನೆಗೂ ಮುದ್ರಣಾಲಯಕ್ಕೂ ಮಾಳಿಗೆ ಒಂದೇ. ದಿನಾ ಐದಕ್ಕೆ ಮಿಂದು ಮಡಿ ಸೀರೆ ಒಣಹಾಕುವುದು, ಆರಿದ ಕೂಡಲೇ, ಹತ್ತರೊಳಗೆ, ಯಾರೂ ಮುಟ್ಟದಂತೆ ಕೋಲಿನಿಂದಲೇ ಎತ್ತಿ ದೇವರ ಕೋಣೆಗೆ ಒಯ್ಯುವುದು.

“ನಾ ಮುಟ್ಟಂಗಿಲ್ಲರಿ ಅಮ್ಮಾರ,” ಮುರ್ತುಜಾ ಹಲ್ಲು ಕಚ್ಚಿ ಅಂದ. “ಖರೆ ನಿಮ್ಮ ಸೀರಿನ ನನ್ನ ಡಬ್ಬಿ ಮುಟ್ಟೈತಿ, ನೋಡ್ರಿ. ಇದು ಗಾಳಿ ಹಸಿ ಐತೋ ಒಣಾ ಐತೋ ಹೇಳೋ ಡಬ್ಬಿ. ದಿನಾ ಮುಂಜಾನಿ ನಿಮ್ಮ ಸೀರಿ ಇದಕ್ಕ ಮಳಿ ಬಂತು ಅಂತ ಹೇಳಾಕತ್ತೈತಿ. ಕೆಳಗ ಮಂದಿ ಉಸರುಗಟ್ಟಿ ಸಾಯಾಕತ್ತಾರ, ನಾ ಬೈಸಿಕೊಂಡು ಸಾಯಾಕತ್ತೀನಿ!”

ಮುದುಕಿ ಡಬ್ಬಿಯನ್ನು ನೋಡಿದರು, ಸೆರಗನ್ನು ನೋಡಿದರು. ಮುಖ ಕೆಂಡವಾಯಿತು. “ಅಂದ್ರ ಹದಿನೈದು ದಿನದಿಂದ ನನ್ನ ಮಡಿನೂ ಇಲ್ಲ, ನಿನ್ನ ಮರ್ಯಾದಿನೂ ಇಲ್ಲ! ಜಯಾ! ಏ ಜಯಾ! ಬಾ ಇಲ್ಲೆ!”

ರಾಯರು ಪಂಚೆ ಎತ್ತಿ ಕಟ್ಟುತ್ತ ಬಂದರು, ನೋಡಿದರು, ತಿಳಿದರು. ತಿಳಿದ ಮೇಲೆ ನಕ್ಕುಬಿಟ್ಟರು.

“ಇಷ್ಟೇನು? ಆತು ಬಿಡು. ಡಬ್ಬಿ ಆ ಕಡೆ ಸರಿಸಿಬಿಡು ಮುರ್ತುಜಾ. ಕೆಳಗ, ವಾಯರ್ ಸಡ್ಲ ಆಗಿತ್ತು, ಬಿಗಿ ಮಾಡ್ದ ಅಂತ ಹೇಳಿಬಿಡೋಣ. ಮುಂಡರಗಿಗೂ ನಾನ ಫೋನ್ ಮಾಡ್ತೀನಿ, ಈಗ ಸರಿ ಆಗ್ಯದ ಅಂತೀನಿ. ಮನೀ ಮಡಿ ವಿಷಯ ಕೆಲಸದವರ ಮುಂದ ಯಾಕ?”

ಒಂದು ಹೂಂ ಅಂದಿದ್ದರೆ ಮುಂಡರಗಿಯ ಕೆಲಸ ಕೈಗೆ ಬರುತ್ತಿತ್ತು. ಮುರ್ತುಜಾನ ಮೈಯೆಲ್ಲ ಉರಿದುಹೋಯಿತು.

“ಸಡ್ಲ?” ಅಂದ. “ಯಾವ ವಾಯರ್ ಸಡ್ಲಿತ್ತರಿ, ತೋರಿಸ್ರಿ! ಇಲ್ಲಿ ಗಳ ಇದ್ದದ್ದು ಕಂಡಿತ್ತು, ಯಾಕ ಐತಿ ಅಂತ ನಾ ಕೇಳಲಿಲ್ಲ. ಅದು ನನ್ನ ತಪ್ಪು, ನೂರು ಮಂದಿ ಮುಂದ ಹೇಳ್ತೀನಿ. ನೀವು ಒಂದು ದಿನಾನೂ ಮಾಳಿಗಿ ಹತ್ತಲಿಲ್ಲ, ಅದು ನಿಮ್ಮದು. ಮೂವತ್ತೈದು ವರ್ಷದಾಗ ಸಡ್ಲ ವಾಯರ್ ಬಿಟ್ಟು ಬಂದವ ಅಲ್ಲ ನಾ. ಆ ಹೆಸರ ಮ್ಯಾಲ ಬರೋ ಕೆಲಸ ನನಗ ಬ್ಯಾಡ. ಬರ್ರಿ ಕೆಳಗ, ಇದ್ದದ್ದು ಇದ್ದಂಗ ಹೇಳ್ರಿ.”

ರಾಯರು ತಾಯಿಯ ಮುಖ ನೋಡಿದರು. ತಾರಾಬಾಯಿ ಕೋಲಿನಿಂದಲೇ ಮೆಟ್ಟಿಲು ತೋರಿಸಿದರು. “ನಡಿ. ಅಂವ ಹೇಳೋದ್ರಾಗ ಏನು ತಪ್ಪದ?”

ಕೆಳಗೆ ಮಷಿನ್ ಧಡಧಡ ಓಡುತ್ತಿತ್ತು. ಹಣೆಗೆ ಬಟ್ಟೆ ಬಿಗಿದುಕೊಂಡ ಪುಂಡಲೀಕಪ್ಪ, ಕಾಗದ ಜೋಡಿಸುತ್ತಿದ್ದ ಐದಾರು ಹೆಂಗಸರು. ರಾಯರು ಬಾಗಿಲ ಬಳಿ ನಿಂತು ತುಟಿ ಅಲುಗಿಸಿದರು.

“ಏನಂದ್ರಿ?” ಪುಂಡಲೀಕಪ್ಪ ಕಿವಿಗೆ ಕೈ ಹಚ್ಚಿ ಕೂಗಿದ.

ರಾಯರು ಕೈಬೀಸಿ, ಹೇಳಿಯಾಯಿತು ಎಂಬಂತೆ ಹಿಂದೆ ತಿರುಗಿದರು. ಮುರ್ತುಜಾ ಸೀದಾ ಹೋಗಿ ಮಷಿನ್ನಿನ ಕೆಂಪು ಗುಂಡಿ ಒತ್ತಿದ. ಧಡಧಡ ನಿಂತಿತು. ಹೆಂಗಸರ ಬಳೆಯ ಸದ್ದು ಕೇಳತೊಡಗಿತು. ಅವನು ಜೇಬಿನಿಂದ ಫೋನ್ ತೆಗೆದು ಅಯ್ಯೂಬಸಾಬನಿಗೆ ಹಚ್ಚಿ, ಸ್ಪೀಕರ್ ಇಟ್ಟು, ರಾಯರ ಮುಂದೆ ಹಿಡಿದ.

“ಹಲೋ? ಯಾರು?” ಮುಂಡರಗಿಯ ದನಿ ಬಂತು.

“ಈಗ ಹೇಳ್ರಿ,” ಅಂದ ಮುರ್ತುಜಾ.

ರಾಯರು ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು, “ಎಲ್ಲಾರ ಮುಂದ, ಅಷ್ಟು ಜೋರಾಗಿ ಹೇಳಬೇಕೇನೋ?”

“ಹೌದ್ರಿ. ನನ್ನ ಕೈ ಹೋಗೈತಿ ಅಂದಾಗ ಎಷ್ಟು ಜೋರಿತ್ತೋ, ಅಷ್ಟ ಜೋರಾಗಿ.”